ಅಳತೆ ಬೆಳಗ್ಗೆನೇ ತಗೊಂಡ್ರಿ, ಆಗಲ್ಲ ಅಂದಿದ್ದು ಸಂಜೆ: ಥೀಮ್ ಪಾರ್ಕ್ ಆಡಳಿತದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಡಳಿತ ಮಂಡಳಿಯವರಿಗೆ,

ನಮಸ್ಕಾರ. ರಜೆಯಲ್ಲಿ ಮಕ್ಕಳನ್ನ ಕರ್ಕೊಂಡು ನಿಮ್ಮ ಪಾರ್ಕಿಗೆ ಬಂದಿದ್ದ ಒಬ್ಬ ತಾಯಿ ನಾನು. ಪಾರ್ಕಿನ ಹೆಸರು ಇಲ್ಲಿ ಬರೀತಿಲ್ಲ. ಯಾಕಂದ್ರೆ ವಾಪಸ್ ಮನೆಗೆ ಬಂದ್ಮೇಲೆ ಮಕ್ಕಳಿರೋ ನಾಲ್ಕು ಮನೆಯವ್ರ ಹತ್ರ ಮಾತಾಡಿದಾಗ, ಅವ್ರು ಹೋಗಿದ್ದ ಪಾರ್ಕುಗಳೇ ಬೇರೆ ಆದ್ರೂ ಹೇಳಿದ ಕಥೆ ಮಾತ್ರ ಹೆಚ್ಚುಕಮ್ಮಿ ನಮ್ಮದೇ ಆಗಿತ್ತು. ಹಾಗಾಗಿ ದೊಡ್ಡ ಥೀಮ್ ಪಾರ್ಕ್ ನಡೆಸೋ ಪ್ರತಿಯೊಬ್ರೂ ಇದು ತಮಗೇ ಬರೆದ ಪತ್ರ ಅಂತ ಓದ್ಕೋಬೇಕು ಅಂತ ಕೇಳ್ಕೊಳ್ತೀನಿ.

ನಾವು ಬಂದಿದ್ದು ಐದು ಜನ. ನಾನು, ನಮ್ಮನೆಯವ್ರು, ಅತ್ತೆ, ಎರಡನೇ ಕ್ಲಾಸಲ್ಲಿರೋ ಮಗಳು, ಇನ್ನೂ ಶಾಲೆಗೆ ಸೇರದ ಮಗ. ಟಿಕೆಟ್ ಕೌಂಟರ್ ಹತ್ರ ನಿಮ್ಮ ಸಿಬ್ಬಂದಿ ಮಗಳನ್ನ ಅಳತೆ ಕಂಬಕ್ಕೆ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡ್ಸಿ, ತಲೆ ಮೇಲೆ ಕೈ ಇಟ್ಟು ನೋಡಿದ್ರು. ಇವಳಿಗೆ ಫುಲ್ ಟಿಕೆಟ್ ಅಂದ್ರು. ಸರಿ ಅಂತ ತಗೊಂಡ್ವಿ, ಅದ್ರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಅಳತೆ ಮಾಡಿದ ಮೇಲೆ ಅವಳು ಯಾವ ಯಾವ ರೈಡ್ ಹತ್ತಬಹುದು, ಯಾವುದು ಹತ್ತೋಕೆ ಆಗಲ್ಲ ಅಂತ ಆ ಕೌಂಟರ್‌ನಲ್ಲಿ ಒಬ್ರೂ ಒಂದು ಮಾತು ಹೇಳ್ಲಿಲ್ಲ. ಅವಳ ಎತ್ತರ ನಿಮಗೆ ಬೇಕಾಗಿದ್ದು ದುಡ್ಡು ಲೆಕ್ಕ ಹಾಕೋಕೆ ಮಾತ್ರ. ಆ ಲೆಕ್ಕ ಮುಗೀತಿದ್ದ ಹಾಗೆ ಆ ಅಳತೆನೂ ಮುಗೀತು.

ಅವಳಿಗೆ ಇಡೀ ಪಾರ್ಕಲ್ಲಿ ಬೇಕಾಗಿದ್ದು ಒಂದೇ ಒಂದು ರೈಡ್, ಆ ದೊಡ್ಡ ರೋಲರ್ ಕೋಸ್ಟರ್. ತಿಂಗಳುಗಟ್ಟಲೆ ಅದ್ರ ವಿಡಿಯೋ ನೋಡಿದ್ಲು, ಎಲ್ಲಿ ಎಡಕ್ಕೆ ತಿರುಗತ್ತೆ, ಎಲ್ಲಿ ಕತ್ತಲೆ ಸುರಂಗ ಬರತ್ತೆ ಅಂತ ಬಾಯಿಪಾಠ ಆಗೋಗಿತ್ತು. ಕ್ಯೂ ಶುರುವಾಗೋ ಜಾಗದಲ್ಲಿ ಒಂದು ಬೋರ್ಡ್ ಇತ್ತು, ಬೊಂಬೆ ಕೈ ಚಾಚಿರೋ ಥರದ್ದು. ಅಲ್ಲಿದ್ದ ಹುಡುಗಿ ಮಗಳನ್ನ ಅದ್ರ ಪಕ್ಕ ನಿಲ್ಲಿಸಿ ನೋಡಿ, ಓಕೆ ಹೋಗಿ ಅಂದ್ಲು. ಒಂದೂವರೆ ಗಂಟೆ ಮೇಲಾಯ್ತು ಮುಂದೆ ಮುಂದೆ ಸರೀತಾ, ಕಬ್ಬಿಣದ ಕಂಬಿ ಹಿಡ್ಕೊಂಡು, ಕಾಲು ನೋಯ್ತಿದೆ ಅಂತ ಒಂದ್ಸಲನೂ ಹೇಳ್ದೆ ನಿಂತಿದ್ಲು. ಕೊನೇ ಗೇಟ್ ಹತ್ರ ಇನ್ನೊಬ್ಬ ಹುಡುಗ ಬೇರೆ ಒಂದು ಅಳತೆ ಕೋಲು ಹಿಡ್ಕೊಂಡಿದ್ದ. ಚಪ್ಪಲಿ ಬಿಚ್ಚಿ ನಿಲ್ಲು ಪುಟ್ಟಿ ಅಂದ. ಕೋಲಿನ ಅಡ್ಡಪಟ್ಟಿ ಅವಳ ಕೂದಲಿಗೆ ತಾಗಿ ನಿಂತ್ಕೊಳ್ತು, ತಲೆಗೆ ತಾಗ್ಲಿಲ್ಲ. ಒಂದು ಬೆರಳು ದಪ್ಪದಷ್ಟೂ ಇರ್ಲಿಲ್ಲ ವ್ಯತ್ಯಾಸ. ಸಾರಿ ಮೇಡಂ, ಆಗಲ್ಲ ಅಂದ. ಅವಳು ಮೊದ್ಲು ಅಳ್ಲಿಲ್ಲ, ಹಿಮ್ಮಡಿ ಎತ್ತಿ ಇನ್ನೊಂದ್ಸಲ ನಿಂತ್ಲು. ಅವನು ಪಾಪ ನೆಲ ನೋಡ್ತಾ ಮತ್ತೆ ಆಗಲ್ಲ ಅಂದ. ನಮ್ಮ ಹಿಂದೆ ಇದ್ದೋರೆಲ್ಲ ನೋಡ್ತಿದ್ರು, ಟ್ರೈನ್ ಬಂದು ನಿಂತಿತ್ತು, ಅವಳ ಕಣ್ಣೆದುರಿಗೇ ಸೀಟುಗಳು ತುಂಬ್ಕೊಂಡ್ವು. ಪಕ್ಕದ ಮೆಟ್ಟಿಲು ಇಳಿಸಿ ನಮ್ಮನ್ನ ಹೊರಗೆ ಕಳಿಸಿದ್ರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ಬಿಡ್ತೀನಿ. ನಿಯಮ ಸಡಿಲ ಮಾಡಿ ಅಂತ ನಾನು ಕೇಳ್ತಿಲ್ಲ. ಎತ್ತರದ ನಿಯಮ ಇರೋದು ಕೋಸ್ಟರ್‌ನಲ್ಲಿ ತೊಡೆ ಮೇಲೆ ಬರೋ ಲ್ಯಾಪ್ ಬಾರ್, ಭುಜದ ಮೇಲಿಂದ ಬರೋ ಹಾರ್ನೆಸ್ ಎಲ್ಲ ಒಂದು ಅಳತೆಯ ಮೈಗೆ ಅಂತ ಡಿಸೈನ್ ಆಗಿರತ್ತೆ ಅನ್ನೋ ಕಾರಣಕ್ಕೆ. ಚಿಕ್ಕ ಮೈಗೆ ಅದು ಸರಿಯಾಗಿ ಹಿಡಿಯಲ್ಲ, ತಲೆ ಇರ್ಬೇಕಾದ ಜಾಗದಲ್ಲಿ ಇರಲ್ಲ. ಈ ವಿಷಯದಲ್ಲಿ ಹಗುರವಾಗಿ ನಡ್ಕೊಂಡ್ರೆ ಏನಾಗತ್ತೆ ಅಂತ ಎಲ್ರೂ ನೋಡಿದ್ದೀವಿ. 2016ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯ ಒಂದು ವಾಟರ್ ಪಾರ್ಕಲ್ಲಿ ಭಾರೀ ಎತ್ತರದ ಜಾರುಬಂಡೆ ಮೇಲಿಂದ ಕೂತಿದ್ದ ರಾಫ್ಟ್, ಅಂದ್ರೆ ಗಾಳಿ ತುಂಬಿದ ದೋಣಿ, ಮೇಲಕ್ಕೆ ಹಾರಿ 10 ವರ್ಷದ ಹುಡುಗ ತೀರ್ಕೊಂಡ. 2022ರ ಮಾರ್ಚ್‌ನಲ್ಲಿ ಒರ್ಲ್ಯಾಂಡೋದಲ್ಲಿ ಮೇಲಿಂದ ಕೆಳಗೆ ಬೀಳೋ ಟವರ್ ರೈಡ್‌ನಿಂದ 14 ವರ್ಷದ ಹುಡುಗ ಬಿದ್ದು ಸತ್ತ, ಆ ಸೀಟಿನ ಸೆನ್ಸರನ್ನ ಕೈಯಿಂದ ಅಡ್ಜಸ್ಟ್ ಮಾಡಿ, ಹಾರ್ನೆಸ್ಸಿಗೂ ಸೀಟಿಗೂ ಇರ್ಬೇಕಾದ್ದಕ್ಕಿಂತ ಜಾಸ್ತಿ ಗ್ಯಾಪ್ ಬಿಟ್ಟಿದ್ರು ಅಂತ ತನಿಖೆಯಲ್ಲಿ ಗೊತ್ತಾಯ್ತು. ಆ ಮಕ್ಕಳ ತಂದೆತಾಯಿ ನೆನಪಾದ್ರೆ ಹೊಟ್ಟೆ ಕಿವುಚತ್ತೆ. ಹಾಗಾಗಿ ಕೊನೇ ಗೇಟಲ್ಲಿ ಬೇಡ ಅಂದ ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನು ಅವನ ಕೆಲಸ ನಿಯತ್ತಾಗಿ ಮಾಡ್ದ. ನನ್ನ ಕೋಪ ಇರೋದು ಆ ಮಾತನ್ನ ಬೆಳಗ್ಗೆ ಹೇಳದೆ ಮುಚ್ಕೊಂಡಿದ್ದ ವ್ಯವಸ್ಥೆ ಮೇಲೆ.

ಇನ್ನೊಂದು ವಿಷಯ ನಿಮ್ಮ ಎಂಜಿನಿಯರ್‌ಗಳಿಗೆ ಖಂಡಿತ ಗೊತ್ತಿರತ್ತೆ. ಮನುಷ್ಯನ ಎತ್ತರ ಬೆಳಗ್ಗೆ ಇದ್ದಷ್ಟು ಸಂಜೆ ಇರಲ್ಲ. ಬೆನ್ನುಮೂಳೆಯ ನಡುವೆ ಇರೋ ಡಿಸ್ಕುಗಳು ದಿನವಿಡೀ ಮೈಭಾರ ಹೊತ್ತು ಸ್ವಲ್ಪ ಸ್ವಲ್ಪವೇ ಕುಗ್ಗತ್ವೆ, ರಾತ್ರಿ ಮಲಗಿದಾಗ ಮತ್ತೆ ಮೊದಲಿನ ಹಾಗಾಗತ್ವೆ. ಈ ಏರಿಳಿತ ಒಂದು ಸೆಂಟಿಮೀಟರ್‌ವರೆಗೂ, ಕೆಲವರಲ್ಲಿ ಅದಕ್ಕಿಂತ ಜಾಸ್ತಿನೂ ಇರತ್ತೆ. ಅಂದ್ರೆ ರೈಡಿಗೆ ಬೇಕಾದ ಎತ್ತರದ ಗೆರೆ ಹತ್ರ ಇರೋ ಮಗು ಬೆಳಗ್ಗೆ ಬಂದ್ರೆ ಪಾಸ್, ಇಡೀ ದಿನ ನಡೆದು ಓಡಿ ಕ್ಯೂ ನಿಂತು ಸಂಜೆ ಬಂದ್ರೆ ಫೇಲ್ ಆಗಬಹುದು. ಜೊತೆಗೆ ನಿಮ್ಮದೇ ಪಾರ್ಕಲ್ಲಿ ಒಂದು ಕಡೆ ಚಪ್ಪಲಿ ಹಾಕ್ಕೊಂಡು ಅಳೀತಾರೆ, ಇನ್ನೊಂದು ಕಡೆ ಬಿಚ್ಚಿಸಿ ಅಳೀತಾರೆ, ಒಂದು ಕಡೆ ಗಟ್ಟಿ ಕಂಬ, ಇನ್ನೊಂದು ಕಡೆ ಕೈಯಲ್ಲಿ ಹಿಡಿಯೋ ಕೋಲು, ಅದು ಸ್ವಲ್ಪ ವಾಲಿದ್ರೂ ಲೆಕ್ಕ ತಪ್ಪತ್ತೆ. ಇಷ್ಟೆಲ್ಲ ಗೊಂದಲದ ಹೊರೆ ಕೊನೆಗೆ ಬೀಳೋದು ಮಗುವಿನ ತಲೆ ಮೇಲೆ. ಎಷ್ಟೋ ಪಾರ್ಕುಗಳಲ್ಲಿ ಈ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಇರತ್ವೆ, ಒಂದಕ್ಕೆ 102 ಸೆಂಟಿಮೀಟರ್, ಇನ್ನೊಂದಕ್ಕೆ 112, ಮತ್ತೊಂದಕ್ಕೆ 122. ಇವು 40, 44, 48 ಇಂಚಿನ ಲೆಕ್ಕ, ನೀವು ಕಣ್ಣುಮುಚ್ಚಿ ಹೇಳ್ತೀರ. ಹಾಗಿದ್ಮೇಲೆ ಗೇಟಲ್ಲೇ ಒಂದ್ಸಲ ಚಪ್ಪಲಿ ಬಿಚ್ಚಿಸಿ ಸರಿಯಾಗಿ ಅಳೆದು, ಬಣ್ಣದ ಒಂದು ಪಟ್ಟಿ ಕೈಗೆ ಕಟ್ಟಿ, ಈ ಬಣ್ಣಕ್ಕೆ ಈ ರೈಡ್‌ಗಳು ಅಂತ ಒಂದು ಚೀಟಿ ಕೊಟ್ರೆ ಎಷ್ಟು ಹೊತ್ತು ಹಿಡಿಯತ್ತೆ? ಗೆರೆಗೆ ತೀರಾ ಹತ್ರ ಇರೋ ಮಗು ಆದ್ರೆ, ಸಂಜೆ ಕುಗ್ಗೋದನ್ನೂ ಲೆಕ್ಕಕ್ಕೆ ಇಟ್ಕೊಂಡು, ಇವತ್ತು ಬೇಡ ಅಂತ ಅಲ್ಲೇ ಹೇಳಿ. ಮಗು ಬೆಳಗ್ಗೆ ಒಂದು ಹತ್ತು ನಿಮಿಷ ಅಳತ್ತೆ, ಆಮೇಲೆ ಬೇರೆ ರೈಡ್ ಕಡೆ ಓಡತ್ತೆ. ಒಂದೂವರೆ ಗಂಟೆ ನಿಂತು, ಟ್ರೈನ್ ಮುಂದೆ ತಿರಸ್ಕಾರ ಆದ ಮಗುವನ್ನ ಸಮಾಧಾನ ಮಾಡೋದು ಅಷ್ಟು ಸುಲಭ ಅಲ್ಲ. ಅವತ್ತು ಅವಳು ಬೇರೆ ಯಾವ ರೈಡಿನ ಹೆಸರು ಹೇಳಿದ್ರೂ ಬೇಡ ಬೇಡ ಅಂತಲೇ ಅಂತಿದ್ಲು.

ದುಡ್ಡಿನ ವಿಚಾರಕ್ಕೆ ಬರ್ತೀನಿ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಒಳಗೆ ಹೋಗೋಕೆ ಒಂದು ಸಣ್ಣ ಟಿಕೆಟ್, ಆಮೇಲೆ ರೈಡ್‌ಗಳಿಗೆ ಬೇರೆ ಕೂಪನ್ ಇತ್ತು. ಆ ಕೂಪನ್ ಪುಸ್ತಕಗಳು 1982ರವರೆಗೂ ನಡೆದ್ವು, ಆಮೇಲೆ ಎಲ್ಲಾ ಸೇರಿಸಿ ಒಂದೇ ಟಿಕೆಟ್ ಆಯ್ತು, ಇವತ್ತು ಹೆಚ್ಚಿನ ದೊಡ್ಡ ಪಾರ್ಕುಗಳು ಅದೇ ದಾರಿಯಲ್ಲಿವೆ. ಕುಟುಂಬಕ್ಕೆ ಒಂದೇ ಟಿಕೆಟ್ ಅನುಕೂಲ, ಒಪ್ತೀನಿ. ಆದ್ರೆ ಕೂಪನ್ ಕಾಲದಲ್ಲಿ ಮಗು ಹತ್ತದ ರೈಡಿಗೆ ಅಪ್ಪ ಅಮ್ಮ ದುಡ್ಡು ಕೊಡ್ಬೇಕಾಗಿರ್ಲಿಲ್ಲ. ಈಗ ಕೌಂಟರ್‌ನಲ್ಲಿ ಮಗಳು ದೊಡ್ಡವಳು, ಕೋಸ್ಟರ್ ಹತ್ರ ಚಿಕ್ಕವಳು. ಇದು ನ್ಯಾಯನಾ ಅಂತ ನೀವೇ ಯೋಚ್ನೆ ಮಾಡಿ. ಕನಿಷ್ಠ, ನಿಮ್ಮ ಮುಖ್ಯ ಆಕರ್ಷಣೆಗಳು ಅಂತ ಪೋಸ್ಟರ್‌ನಲ್ಲಿ ಹಾಕೋ ರೈಡ್‌ಗಳನ್ನ ಹತ್ತೋಕೆ ಎತ್ತರ ಸಾಲದ ಮಗುವಿಗೆ ಫುಲ್ ಟಿಕೆಟ್ ತಗೋಬಾರ್ದು.

ಈಗ ಫಾಸ್ಟ್ ಟ್ರ್ಯಾಕ್ ಪಾಸ್. ಜಾಸ್ತಿ ದುಡ್ಡು ಕೊಟ್ಟೋರಿಗೆ ಬೇರೆ ಕ್ಯೂ. ನಮ್ಮ ಪಕ್ಕದಲ್ಲೇ ಹಗ್ಗದ ಆಚೆಯಿಂದ ಜನ ನಡ್ಕೊಂಡು ಹೋಗ್ತಾನೇ ಇದ್ರು. ಮಗಳು ಕೇಳಿದ್ಲು, ಅಮ್ಮ ಅವ್ರು ನಮ್ಗಿಂತ ಆಮೇಲೆ ಬಂದ್ರಲ್ವಾ, ಅವ್ರನ್ನ ಯಾಕೆ ಮುಂದೆ ಬಿಡ್ತಿದಾರೆ ಅಂತ. ಶಾಲೆಯಲ್ಲಿ ಸಾಲು ಮುರೀಬಾರ್ದು ಅಂತ ಕಲಿತು ಬಂದಿರೋ ಮಗುಗೆ ನಾನು ಏನು ಹೇಳ್ಲಿ? ಇದು ಬರೀ ಮನಸ್ಸಿಗೆ ಬೇಜಾರಾಗೋ ಮಾತಲ್ಲ, ಲೆಕ್ಕದ ಮಾತು ಕೂಡ. ಉದಾಹರಣೆಗೆ ಒಂದು ರೈಡ್ ಗಂಟೆಗೆ 1,000 ಜನರನ್ನ ಕೂರಿಸತ್ತೆ ಅಂತ ಇಟ್ಕೊಳ್ಳಿ. ಮಾಮೂಲಿ ಕ್ಯೂನಲ್ಲಿ 600 ಜನ ಇದಾರೆ. ಎಲ್ಲಾ ಸೀಟೂ ಅವ್ರಿಗೇ ಸಿಕ್ರೆ ಕೊನೆಯವ್ರು 36 ನಿಮಿಷದಲ್ಲಿ ಕೂರ್ತಾರೆ. ಅದೇ ನೀವು ಗಂಟೆಗೆ 700 ಸೀಟು ಪಾಸ್ ಇರೋರಿಗೆ ಕೊಟ್ರೆ ಉಳಿಯೋದು 300, ಅದೇ 600 ಜನರ ಕ್ಯೂ ಎರಡು ಗಂಟೆ ಆಗತ್ತೆ. ಟ್ರೈನ್ ಒಂದು ಸೀಟೂ ಜಾಸ್ತಿ ಓಡಿಸಿಲ್ಲ. ನೀವು ಅವ್ರಿಗೆ ಮಾರಿದ ಸಮಯ ನಮ್ಮ ಮಕ್ಕಳ ಕಾಲಿನಿಂದ ತೆಗೆದ ಸಮಯ. ಡಿಸ್ನಿಯವ್ರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಟಿಕೆಟ್ ಇದ್ದ ಎಲ್ರಿಗೂ ಫ್ರೀ ಇತ್ತು, ಅಮೆರಿಕದ ಪಾರ್ಕುಗಳಲ್ಲಿ ಅದು ಹೋಗಿ ದುಡ್ಡಿನ ವ್ಯವಸ್ಥೆ ಬಂದಿದ್ದು 2021ರಲ್ಲಿ. ಅಂದ್ರೆ ಸಮಯ ಬುಕ್ ಮಾಡ್ಕೊಂಡು ಬಂದು ಹತ್ತೋ ಪದ್ಧತಿಯನ್ನ ಎಲ್ರಿಗೂ ಕೊಡೋಕೆ ಆಗತ್ತೆ, ಇಪ್ಪತ್ತು ವರ್ಷ ಕೊಟ್ಟಿದಾರೆ. ನಿಮಗೆ ಪಾಸ್ ಮಾರಲೇಬೇಕು ಅಂದ್ರೆ ಮಾರಿ, ಆದ್ರೆ ಒಂದು ಗಂಟೆಯ ಸೀಟುಗಳಲ್ಲಿ ಎಷ್ಟು ಪಾಲು ಪಾಸ್‌ಗೆ ಹೋಗತ್ತೆ ಅಂತ ಕ್ಯೂ ಬಾಗಿಲಲ್ಲಿ ಬರೆದು ಹಾಕಿ. ಅದನ್ನ ನೋಡಿ ನಿಲ್ಬೇಕಾ ಬೇಡ್ವಾ ಅಂತ ನಾವು ತೀರ್ಮಾನ ಮಾಡ್ಕೊಳ್ತೀವಿ.

ಮಗನ ಕಥೆ ಬೇರೆ. ಕ್ಯೂನಲ್ಲಿ ಅರ್ಧ ದಾರಿ ಬಂದ್ಮೇಲೆ ಅಮ್ಮ ಸುಸು ಅಂದ. ಈ ವಯಸ್ಸಿನ ಮಕ್ಕಳು ಕ್ಯೂ ನೋಡ್ಕೊಂಡು ಸುಸು ಬಂತು ಅನ್ನಲ್ಲ. ಹೊರಗೆ ಹೋದ್ರೆ ಮತ್ತೆ ಹಿಂದಿನಿಂದ ಬರ್ಬೇಕು ಅಂದ್ರು ನಿಮ್ಮೋರು. ನಮ್ಮನೆಯವ್ರು ಮಗನನ್ನ ಎತ್ಕೊಂಡು ಜನರ ಮಧ್ಯೆ ನುಗ್ಗಿ ಹೊರಗೆ ಹೋದ್ರು, ವಾಪಸ್ ಬರೋಕೆ ಬಿಡ್ಲಿಲ್ಲ. ಕೈಯಲ್ಲಿ ಒಂದು ಚೀಟಿ, ಟೈಮ್ ಬರೆದಿರೋ ಒಂದು ಟೋಕನ್, ಇಷ್ಟೇ ಸಾಕಾಗಿತ್ತು. ಇದಕ್ಕಿಂತ ಬೇಸರ ಆಗಿದ್ದು ಇನ್ನೊಂದು. ಮಗ ಹತ್ತೋಕಾಗದ ರೈಡ್ ಹತ್ರ, ಒಬ್ರು ಅವನ ಜೊತೆ ಹೊರಗಿದ್ದು ಇನ್ನೊಬ್ರು ಹತ್ತಿ ಬಂದ್ಮೇಲೆ ಮತ್ತೆ ಕ್ಯೂ ನಿಲ್ಲದೆ ಅದಲು ಬದಲಾಗಬಹುದಾ ಅಂತ ಕೇಳಿದ್ವಿ. ಡಿಸ್ನಿ ಪಾರ್ಕುಗಳಲ್ಲಿ ರೈಡರ್ ಸ್ವಿಚ್ ಅಂತ, ಯೂನಿವರ್ಸಲ್ ಪಾರ್ಕುಗಳಲ್ಲಿ ಬೇರೆ ಹೆಸರಲ್ಲಿ ಇದು ಎಷ್ಟೋ ವರ್ಷದಿಂದ ಇದೆ, ಅದಕ್ಕೆ ಎಕ್ಸ್‌ಟ್ರಾ ದುಡ್ಡೂ ಇಲ್ಲ. ನಿಮ್ಮ ಸಿಬ್ಬಂದಿ ಒಬ್ರು ಇದೆ ಅಂದ್ರು, ಇನ್ನೊಬ್ರು ಇಲ್ಲ ಅಂದ್ರು, ಮೂರನೆಯವ್ರು ಮ್ಯಾನೇಜರ್ ಕೇಳಿ ಅಂದ್ರು. ಮ್ಯಾನೇಜರ್ ಎಲ್ಲಿ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಕೊನೆಗೆ ಅತ್ತೆನೇ, ನೀವಿಬ್ರೂ ಹೋಗಿ, ನಾನು ಮಗು ನೋಡ್ಕೊಳ್ತೀನಿ ಅಂದ್ರು. ಅರವತ್ತು ದಾಟಿದೋರು, ಅವ್ರೂ ಫುಲ್ ಟಿಕೆಟ್ ಕೊಟ್ಟೇ ಬಂದಿದ್ರು. ಆ ಬಿಸಿಲಲ್ಲಿ ಕೂರೋಕೆ ನೆರಳಿರೋ ಒಂದು ಬೆಂಚು ಹುಡುಕಿ ಹುಡುಕಿ, ಸಿಗದೆ, ಒಂದು ಅಂಗಡಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ರು. ಅವ್ರನ್ನ ಹಾಗೆ ನೋಡಿ ನನಗೆ ತುಂಬಾ ನೋವಾಯ್ತು.

ಬೆಂಚು ಅಂದಾಗ ಹೇಳ್ಬೇಕು. ಮಕ್ಕಳನ್ನ ಮೆರ್ರಿ-ಗೋ-ರೌಂಡ್ ಹತ್ತಿಸಿ ತಾನು ಬೆಂಚಿನ ಮೇಲೆ ಸುಮ್ನೆ ಕೂತಿದ್ದಾಗ, ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಖುಷಿಪಡೋ ಜಾಗ ಒಂದಿರ್ಬೇಕಿತ್ತು ಅಂತ ಅನ್ನಿಸಿ ಡಿಸ್ನಿಲ್ಯಾಂಡಿನ ಯೋಚ್ನೆ ಬಂತು ಅಂತ ವಾಲ್ಟ್ ಡಿಸ್ನಿ ಹೇಳ್ಕೊಂಡಿದ್ರು. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನ ಮಾತು ಅದು. ಒಟ್ಟಿಗೆ ಅನ್ನೋ ಮಾತಿನಿಂದ ಹುಟ್ಟಿದ ಜಾಗಗಳಿವು. ಆದ್ರೆ ಅವತ್ತು ಇಡೀ ದಿನದಲ್ಲಿ ನಾವು ಐದು ಜನ ಒಟ್ಟಿಗೆ ಕೂತಿದ್ದು ಊಟದ ಹೊತ್ತಲ್ಲಿ ಮಾತ್ರ. ಉಳಿದಂತೆ ಒಬ್ರು ಕ್ಯೂನಲ್ಲಿ, ಒಬ್ರು ಟಾಯ್ಲೆಟ್ ಹತ್ರ, ಒಬ್ರು ಸ್ಟ್ರೋಲರ್ ಕಾಯ್ತಾ. ಅದೇ ಡಿಸ್ನಿಲ್ಯಾಂಡ್ ಶುರುವಾದ ದಿನ, 1955ರ ಜುಲೈ 17, ಪ್ಲಂಬರ್‌ಗಳ ಮುಷ್ಕರದಿಂದ ಕುಡಿಯೋ ನೀರಿನ ನಲ್ಲಿಗಳು ಸಾಕಷ್ಟು ಇರ್ಲಿಲ್ಲ, ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೀಲ್ಸ್ ಒಳಗೆ ಹೂತ್ಕೊಂಡ್ವು. ನೀರು, ನೆರಳು, ಕೂರೋಕೆ ಜಾಗ, ಇವು ಪಾರ್ಕಿನ ಅಲಂಕಾರ ಅಲ್ಲ ಅಂತ ಈ ಉದ್ಯಮಕ್ಕೆ ಮೊದಲ ದಿನವೇ ಗೊತ್ತಾಗಿತ್ತು. ಇಷ್ಟು ದಶಕ ಆದ್ಮೇಲೂ ನಾವು ಅದನ್ನೇ ಬೇಡ್ಕೋಬೇಕಾ?

ನಮ್ಮ ಮುಂದೆ ಕ್ಯೂನಲ್ಲಿ ಒಂದು ಕುಟುಂಬ ಇತ್ತು. ಹುಡುಗನಿಗೆ ಎಂಟೊಂಬತ್ತು ವರ್ಷ ಇರಬಹುದು, ಆಟಿಸಂ ಇದೆ ಅಂತ ಅವನಮ್ಮ ಸಿಬ್ಬಂದಿಗೆ ಹೇಳ್ತಿದ್ದಿದ್ದು ಕೇಳಿಸ್ತು. ತಲೆ ಮೇಲಿದ್ದ ಸ್ಪೀಕರ್‌ನ ಸದ್ದಿಗೆ ಅವನು ಎರಡೂ ಕಿವಿ ಮುಚ್ಕೊಂಡು ಕೂಗೋಕೆ ಶುರು ಮಾಡ್ದ. ಜನ ತಿರುಗಿ ನೋಡಿದ್ರು, ಯಾರೋ ಮಗುಗೆ ಶಿಸ್ತು ಕಲಿಸಿಲ್ಲ ಅಂದ್ರು. ಆ ತಾಯಿ ಸಿಬ್ಬಂದಿಯನ್ನ ಕೇಳಿದ್ದು ಎರಡೇ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀರಾ, ಇಲ್ಲಾ ಕೂರೋಕೆ ಒಂದು ಶಾಂತವಾದ ರೂಮ್ ಇದ್ಯಾ. ಎರಡೂ ಇರ್ಲಿಲ್ಲ. ಅವ್ರು ಕ್ಯೂ ಬಿಟ್ಟು ಹೊರಟೋದ್ರು, ಬಹುಶಃ ಪಾರ್ಕೇ ಬಿಟ್ಟು ಹೋದ್ರೋ ಏನೋ, ಆಮೇಲೆ ನಮಗೆ ಕಾಣಿಸ್ಲೇ ಇಲ್ಲ. ಬೇರೆ ಕಡೆ ಇದು ಆಗಿದೆ. ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ 2010ರಲ್ಲಿ ಶುರುವಾದ ಮಾರ್ಗನ್ಸ್ ವಂಡರ್‌ಲ್ಯಾಂಡ್ ಅನ್ನೋ ಪಾರ್ಕನ್ನ ಅಂಗವೈಕಲ್ಯ ಇರೋರನ್ನ ಮನಸ್ಸಲ್ಲಿ ಇಟ್ಕೊಂಡೇ ಕಟ್ಟಿದಾರೆ, ಅವ್ರಿಗೆ ಒಳಗೆ ಹೋಗೋಕೆ ದುಡ್ಡೇ ಇಲ್ಲ. ಪೆನ್ಸಿಲ್ವೇನಿಯಾದ ಸೆಸಮೆ ಪ್ಲೇಸ್ 2018ರಲ್ಲಿ ಸಿಬ್ಬಂದಿಗೆ ಟ್ರೈನಿಂಗ್ ಕೊಟ್ಟು, ಆಟಿಸಂ ಕೇಂದ್ರ ಅಂತ ಪ್ರಮಾಣಪತ್ರ ಪಡೆದ ಮೊದಲ ಥೀಮ್ ಪಾರ್ಕ್ ಆಯ್ತು. ಆ ತಾಯಿ ಕೇಳಿದ ಶಾಂತವಾದ ರೂಮಿಗೆ ದೊಡ್ಡ ಖರ್ಚಿಲ್ಲ. ಒಂದು ಬಾಗಿಲು, ಮಂದ ದೀಪ, ಸದ್ದಿಲ್ಲದ ಗೋಡೆ, ಅಷ್ಟೇ. ಎದೆಹಾಲು ಕುಡಿಸೋ ತಾಯಂದಿರಿಗೂ ಅಂಥದ್ದೇ ಒಂದು ಪಕ್ಕದಲ್ಲಿ ಇರ್ಲಿ.

ರೈಡ್ ಬಂದ್ ಆಗಿರೋ ವಿಷಯನೂ ಹೇಳಿಬಿಡ್ತೀನಿ. ಅವತ್ತು ಮೇಂಟೆನೆನ್ಸ್‌ಗೆ ಅಂತ ಮುಚ್ಚಿದ್ದ ರೈಡ್‌ಗಳ ಪಟ್ಟಿ ಟಿಕೆಟ್ ಕೌಂಟರ್‌ನಲ್ಲಿ ಎಲ್ಲೂ ಇರ್ಲಿಲ್ಲ, ಪ್ರತಿಯೊಂದರ ಬಾಗಿಲಿಗೂ ನಡ್ಕೊಂಡು ಹೋಗಿ ಹಗ್ಗ ಕಟ್ಟಿರೋದನ್ನ ನೋಡಿ ವಾಪಸ್ ಬಂದ್ವಿ. ಮೇಂಟೆನೆನ್ಸ್ ಮಾಡ್ಲೇಬೇಕು, ಅದನ್ನ ಮಾಡದ ಪಾರ್ಕಿಗೆ ನಾನು ಮಕ್ಕಳನ್ನ ಕರ್ಕೊಂಡು ಬರೋದೇ ಇಲ್ಲ. ಆದ್ರೆ ಯಾವ ರೈಡ್ ಇವತ್ತು ಓಡಲ್ಲ ಅಂತ ನಿಮಗೆ ಗೇಟ್ ತೆರೆಯೋ ಮುಂಚೆನೇ ಗೊತ್ತಿರತ್ತಲ್ಲ.

ನಾನು ಇಷ್ಟುದ್ದ ಹೇಳಿದ್ದೆಲ್ಲದರಲ್ಲೂ ಇರೋದು ಈ ಒಂದೇ ಮಾತು. ನಮ್ಮ ದಿನ ಹಾಳು ಮಾಡಿದ ಪ್ರತಿಯೊಂದೂ ನಮ್ಮ ದುಡ್ಡು ತಗೊಳ್ಳೋ ಮುಂಚೆನೇ ನಿಮಗೆ ಗೊತ್ತಿತ್ತು. ಮಗಳ ಎತ್ತರ, ರೈಡಿನ ಗೆರೆ, ಮುಚ್ಚಿರೋ ರೈಡ್, ಪಾಸ್‌ಗೆ ಹೋಗೋ ಸೀಟು, ಯಾವುದೂ ಅಚಾನಕ್ಕಾಗಿ ಆಗಿದ್ದಲ್ಲ.

ಹಾಗಾಗಿ ನಾನು ಕೇಳ್ಕೊಳ್ಳೋದು ಇಷ್ಟು. ಮಕ್ಕಳ ಅಳತೆ ಗೇಟಲ್ಲಿ ಒಂದೇ ಸಲ, ಒಂದೇ ರೀತಿ ಆಗ್ಲಿ, ಅದನ್ನ ಎಲ್ಲಾ ರೈಡ್‌ನೋರೂ ಒಪ್ಲಿ. ಹಾರ್ನೆಸ್ ಸರಿಯಾಗಿ ಕೂರ್ತಾ ಇಲ್ಲ ಅನ್ನೋ ಕಾರಣಕ್ಕೆ ಕೊನೇ ಗಳಿಗೆಯಲ್ಲಿ ಬೇಡ ಅನ್ನೋ ಹಕ್ಕು ಆಪರೇಟರ್‌ಗೆ ಯಾವಾಗ್ಲೂ ಇರ್ಲಿ, ಆದ್ರೆ ಹಾಗಾದಾಗ ಆ ಮಗು ಕಾದಿದ್ದಕ್ಕೆ ಬೇರೆ ರೈಡ್‌ಗೆ ಕ್ಯೂ ಇಲ್ಲದೆ ಹೋಗೋ ಒಂದು ಚೀಟಿಯನ್ನ ಅಲ್ಲೇ, ಕೇಳದೆನೇ ಕೊಡಿ. ಎಳೆ ಮಕ್ಕಳಿರೋ ಅಪ್ಪ ಅಮ್ಮಂಗೆ ಅದಲು ಬದಲಾಗೋ ವ್ಯವಸ್ಥೆ ಮಾಡಿ, ಅದನ್ನ ಪ್ರತಿ ರೈಡ್ ಬಾಗಿಲಲ್ಲೂ ಬರೆದು ಹಾಕಿ. ಟಾಯ್ಲೆಟ್‌ಗೆ ಹೋದ ಮಗುವನ್ನ ಕ್ಯೂಗೆ ವಾಪಸ್ ಬಿಡಿ. ನೆರಳು, ನೀರು, ಬೆಂಚು, ಶಾಂತವಾದ ರೂಮು, ಇವಕ್ಕೆ ಮುಂದಿನ ಕೋಸ್ಟರ್ ಕಟ್ಟೋವರೆಗೂ ಕಾಯ್ಬೇಡಿ. ಮುಚ್ಚಿರೋ ರೈಡ್‌ಗಳ ಪಟ್ಟಿ ಟಿಕೆಟ್ ಕಿಟಕಿ ಪಕ್ಕದಲ್ಲೇ ಇರ್ಲಿ, ದೊಡ್ಡ ಅಕ್ಷರದಲ್ಲಿ.

ನಿಮ್ಮ ಸಿಬ್ಬಂದಿ ಬಗ್ಗೆ ಒಂದು ಮಾತು. ಬಿಸಿಲಲ್ಲಿ ಇಡೀ ದಿನ ನಿಂತು, ನಮ್ಮಂಥೋರ ಬೈಗುಳ ಕೇಳೋ ಆ ಹುಡುಗ ಹುಡುಗೀರು ನೀವು ಮಾಡಿದ ವ್ಯವಸ್ಥೆಯ ಹೊರೆ ಹೊರ್ತಿದಾರೆ. ಈ ಪತ್ರ ಓದಿ ಅವತ್ತು ಕೊನೇ ಗೇಟಲ್ಲಿ ಯಾರು ಇದ್ರು ಅಂತ ವಿಚಾರಣೆ ಮಾಡ್ಬೇಡಿ. ಅವನು ಆಮೇಲೆ ನಮ್ಮ ಹಿಂದೆನೇ ಮೆಟ್ಟಿಲ ತನಕ ಬಂದು, ಮುಂದಿನ ವರ್ಷ ಬಾ ಪುಟ್ಟಿ, ಅಷ್ಟೊತ್ತಿಗೆ ಬೆಳ್ದಿರ್ತೀಯ ಅಂತ ಅವಳಿಗೆ ಹೇಳ್ದ. ಇಡೀ ದಿನದಲ್ಲಿ ನಿಮ್ಮ ಕಡೆಯಿಂದ ಅವಳ ಜೊತೆ ಅವಳಾಗಿ ಮಾತಾಡಿದ್ದು ಅವನೊಬ್ಬನೇ.

ಮುಂದಿನ ರಜೆಗೆ ಮತ್ತೆ ಬರ್ಬೇಕಾ ಬೇಡ್ವಾ ಅಂತ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ. ಮಗಳು ಬರ್ಬೇಕು ಅಂತಾಳೆ. ಮೇಲೆ ಕೇಳಿರೋದ್ರಲ್ಲಿ ಯಾವುದನ್ನ ಮಾಡ್ತೀರ, ಯಾವುದು ಆಗಲ್ಲ, ಆಗದಿದ್ರೆ ಯಾಕೆ ಆಗಲ್ಲ ಅಂತ ದಯವಿಟ್ಟು ಎಲ್ರಿಗೂ ಕಾಣೋ ಹಾಗೆ ಉತ್ತರ ಬರೀರಿ. ನನ್ನೊಬ್ಬಳಿಗೆ ಸಮಾಧಾನದ ಫೋನ್ ಮಾಡ್ಬೇಡಿ, ಫ್ರೀ ಟಿಕೆಟ್ ಕೂಡ ಕಳಿಸ್ಬೇಡಿ.

ಇಂತಿ,
ಎರಡು ಮಕ್ಕಳ ತಾಯಿ